ಕಿವುಡರ ಕೋಟಾದಲ್ಲೊಂದು ನೌಕರಿ

ಇಂಥವೆಲ್ಲ ನನಗೇ ಯಾಕೆ ಎದುರಾಗುತ್ತವೆ ಎಂದು ಯೋಚಿಸುವುದನ್ನು ಬಿಟ್ಟು ಬಹಳ ದಿನವಾಯಿತು. ಅಂಗವಿಕಲ ಮಕ್ಕಳು ಶಾಲೆ ಮುಗಿಸಿದ ಮೇಲೆ ಅವರಿಗೊಂದು ಕೆಲಸ ಹುಡುಕಿಕೊಡುವುದು ನನ್ನ ಕೆಲಸ. ಒಂದು ವಾರ ಏನೂ ನಗೆಪಾಟಲು ನಡೆಯಲಿಲ್ಲವೆಂದರೆ ಆ ವಾರ ಆಫೀಸುಗಳೆಲ್ಲ ಮುಚ್ಚಿದ್ದವು ಎಂದೇ ಅರ್ಥ.

ಜಹೀರಾಬಾದಿನ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಟೀಚರಾಗಿದ್ದೆ. ಮಕ್ಕಳ ಶಾಲೆ ಜಹೀರಾಬಾದಿನಲ್ಲಿ, ತರಬೇತಿ ನಾರಾಯಣಖೇಡದಲ್ಲಿ, ಕೆಲಸ ಅಂತ ಸಿಕ್ಕರೆ ತಾಂಡೂರಿನ ಕಡೆ. ಹತ್ತು ಜನರ ಜೀಪಿನಲ್ಲಿ ಇಪ್ಪತ್ತು ಜನರ ನಡುವೆ ಕೂತು ಮೂರೂ ಊರು ಸುತ್ತಿ ನನ್ನ ಸೊಂಟಕ್ಕೇ ಒಂದು ಅಂಗವಿಕಲ ಸರ್ಟಿಫಿಕೇಟು ಸಿಗುವ ಹಾಗಾಗಿತ್ತು. ಅವು ಪ್ರತ್ಯೇಕ ತೆಲಂಗಾಣ ರಾಜ್ಯದ ಚಳವಳಿಯ ವರ್ಷಗಳು. ಇವತ್ತು ಬಂದ್, ನಾಳೆ ರಸ್ತೆ ತಡೆ, ನಾಡಿದ್ದು ಮುಷ್ಕರ. ಮಾತು ತೆಲುಗಿನಲ್ಲಿ ಶುರುವಾಗಿ ಉರ್ದುವಿನಲ್ಲಿ ಹೊರಳಿ ಕನ್ನಡದಲ್ಲಿ ಮುಗಿಯುವ ಗಡಿ ಸೀಮೆ ನಮ್ಮದು. ನಾನು ಎಲ್ಲವನ್ನೂ ನಮ್ಮ ಕನ್ನಡದಲ್ಲೇ ಹೇಳುತ್ತೇನೆ.

ನಾನು ಹೇಳಹೊರಟ ಇವೆಲ್ಲ ಒಬ್ಬಳೇ ಹುಡುಗಿಯ ಸುತ್ತ ಒಂದೇ ವರ್ಷದಲ್ಲಿ ನಡೆದವು. ನ್ಯಾಲ್ಕಲ್ ಕಡೆಯವಳು, ಹತ್ತೊಂಬತ್ತು ವರ್ಷ, ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಮಾತಿಲ್ಲ. ಹತ್ತನೆಯ ತರಗತಿ ಪಾಸಾಗಿದ್ದಳು. ಹೆಡ್‌ಮಾಸ್ತರರು ಕಳೆದೇಹೋಯಿತೆಂದು ಕೈಬಿಟ್ಟ ಕಾಗದವನ್ನು ಅಲಮಾರಿಯಿಂದ ಎರಡು ನಿಮಿಷದಲ್ಲಿ ತೆಗೆದುಕೊಡುತ್ತಿದ್ದವಳು ಅವಳೇ. ನನ್ನ ಹತ್ತಿರ ಕೈಸನ್ನೆ, ಉಳಿದವರ ಹತ್ತಿರ ನೋಟ್‌ಬುಕ್ಕಿನಲ್ಲಿ ತೆಲುಗಿನಲ್ಲಿ ಬರೆದು ತೋರಿಸುವುದು. ತಂದೆ ಇಲ್ಲ. ಕೂಲಿ ಮಾಡುವ ತಾಯಿ ಮೊದಲ ದಿನವೇ ನನಗೆ ವಾಯಿದೆ ಹಾಕಿದಳು.

“ಅಕ್ಕೋರ, ಒಂದು ವರ್ಷ ನೋಡ್ತೀನಿ. ನಿಮ್ಮ ಕೈಲೆ ನೌಕರಿ ಆದ್ರ ಆತು. ಇಲ್ಲಂದ್ರ ತಾಂಡೂರಿಗಿ ನಮ್ಮಣ್ಣನ ಸಂಗಾಟ ಕಲ್ಲಿನ ಶೆಡ್ಡಿಗಿ ಕಳಸ್ತೀನಿ.”

ಆ ಅಣ್ಣನನ್ನು ನಾನು ನೋಡಿದ್ದೆ. ಇಪ್ಪತ್ತು ವರ್ಷ ಕಲ್ಲು ಪಾಲಿಶ್ ಮಾಡಿ, ಒಂದು ಮಾತಿಗೆ ಎರಡು ಸಲ ಕೆಮ್ಮುವ ಮನುಷ್ಯ. ಈ ಹುಡುಗಿಯನ್ನು ಮಾತ್ರ ಆ ಶೆಡ್ಡಿಗೆ ಬಿಡಬಾರದು ಎಂದು ನಾನು ಹಠ ಹಿಡಿದೆ.

ಒಂದು ವರ್ಷದ ಕಿವುಡು

ಸರ್ಕಾರಿ ನೌಕರಿಗೆ ಮೊದಲು ಅಂಗವಿಕಲ ಸರ್ಟಿಫಿಕೇಟು ಬೇಕು. ಅದನ್ನು ಕೊಡುವ ಕ್ಯಾಂಪಿನಲ್ಲಿ ಬೆಳಿಗ್ಗೆಯಿಂದ ನಿಂತು ಮಧ್ಯಾಹ್ನ ನಮ್ಮ ಪಾಳಿ ಬಂತು. ಕಿವಿ ಪರೀಕ್ಷೆಯ ಮಷಿನ್ನು ಕೆಟ್ಟಿತ್ತು. ಡಾಕ್ಟರು ಹುಡುಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಂದಿನಿಂದ ಹೋಗಿ ಸ್ಟೀಲಿನ ತಟ್ಟೆಗೆ ಕತ್ತರಿಯಿಂದ ಢಣ್ ಎಂದು ಬಾರಿಸಿದರು.

ಎದುರಿಗೆ ನಿಂತಿದ್ದ ತಾಯಿ ಬೆಚ್ಚಿ ಹಾರಿದಳು. ತಾಯಿ ಯಾಕೆ ಹಾರಿದಳೆಂದು ಹುಡುಗಿ ಹಿಂದೆ ತಿರುಗಿ ನೋಡಿದಳು.

“ಹಾಂ, ಕೇಳಸ್ತದ!” ಎಂದು ಡಾಕ್ಟರು ಬರೆಯಲು ಹೊರಟರು.

ನಾನು ಅವರ ಕೈ ಹಿಡಿಯುವುದೊಂದು ಬಾಕಿ. ಕಡೆಗೆ ತಾಯಿಯನ್ನು ಬಾಗಿಲಾಚೆ ಕಳಿಸಿ ಮತ್ತೆ ಬಾರಿಸಿದರು. ಹೊರಗಿನ ಪಾಳಿಯವರೆಲ್ಲ ಇಣುಕಿ ನೋಡಿದರು. ಹುಡುಗಿ ಮಾತ್ರ ಗೋಡೆಯ ಮೇಲಿನ ಪೋಲಿಯೋ ಚಿತ್ರ ನೋಡುತ್ತಾ ಕೂತಿದ್ದಳು. ಡಾಕ್ಟರಿಗೆ ನಂಬಿಕೆ ಬಂತು. ನೂರಕ್ಕೆ ನೂರು ಎಂದು ಬರೆದರು. ಕೆಳಗೆ ಇನ್ನೊಂದು ಸಾಲು ಸೇರಿಸಿದರು, ಒಂದು ವರ್ಷಕ್ಕೆ ಮಾತ್ರ.

“ಒಂದು ವರ್ಷ ಯಾಕ್ರಿ?” ಅಂದೆ.

“ಕಡಿಮಿ ಆದ್ರೂ ಆಗಬಹುದು. ಮುಂದಿನ ವರ್ಷ ಬರ್ರಿ, ನೋಡೂಣು.”

ತಾಯಿ ಬಾಗಿಲಿನಿಂದಲೇ ಹೇಳಿದಳು: “ಹತ್ತೊಂಬತ್ತು ವರ್ಷ ನಾ ನೋಡೀನ್ರಿ ಸಾಹೇಬ್ರ. ಇನ್ನೊಂದು ವರ್ಷ ನಿಮ್ಮ ಮನ್ಯಾಗ ಇಟ್ಕೊಂಡು ನೀವ್ ನೋಡ್ರಿ.”

ಮೇಣದ ಬತ್ತಿ

ನೌಕರಿಯ ಜಾಹೀರಾತು ಬರುವ ತನಕ ಕೈಗೊಂದು ಕಸುಬಿರಲಿ ಎಂದು ನಾರಾಯಣಖೇಡದ ತರಬೇತಿಗೆ ಸೇರಿಸಿದೆ. ನಮ್ಮ ದೇಶದಲ್ಲಿ ಅಂಗವಿಕಲರ ತರಬೇತಿ ಎಂದರೆ ಮೇಣದ ಬತ್ತಿ. ಕಣ್ಣಿಲ್ಲವೇ, ಮೇಣದ ಬತ್ತಿ ಮಾಡು. ಕಾಲಿಲ್ಲವೇ, ಮೇಣದ ಬತ್ತಿ ಮಾಡು. ಕಂಪ್ಯೂಟರ್ ಕಲಿಸಿ ಎಂದು ಕೇಳಿದರೆ, ಅದು ಮುಂದಿನ ಹಂತ, ಮೊದಲು ಮೇಣದ ಬತ್ತಿ ಎನ್ನುತ್ತಿದ್ದರು. ಮಾಡಿದ ಬತ್ತಿಯನ್ನು ಕೊಳ್ಳುವವರಿಲ್ಲ. ಪೆಟ್ಟಿಗೆಗಟ್ಟಲೆ ಬತ್ತಿ ಬಿಸಿಲಿಗೆ ಬಗ್ಗಿ ಒಂದಕ್ಕೊಂದು ಅಂಟಿಕೊಂಡು ಮೂಲೆಯಲ್ಲಿ ಬಿದ್ದಿತ್ತು.

ಅಷ್ಟರಲ್ಲಿ ದೊಡ್ಡ ಮುಷ್ಕರ ಶುರುವಾಯಿತು. ಆಫೀಸು ಬಂದ್, ಬಸ್ಸು ಬಂದ್, ಕಲ್ಲಿದ್ದಲ ಗಣಿಯವರೂ ಕೆಲಸ ನಿಲ್ಲಿಸಿದರು. ಕರೆಂಟು ಹೋಯಿತೆಂದರೆ ಹೋಯಿತು. ಯಾವತ್ತೂ ನಮ್ಮ ಕಡೆ ತಿರುಗಿ ನೋಡದ ಅಂಗಡಿಯವರು ತರಬೇತಿ ಕೇಂದ್ರದ ಬಾಗಿಲಲ್ಲಿ ಪಾಳಿ ಹಚ್ಚಿದರು. ಸೊಟ್ಟ ಬತ್ತಿ, ಅಂಟಿದ ಬತ್ತಿ, ಎಲ್ಲ ಖಾಲಿ. ಕಣ್ಣಿಲ್ಲದ ಹುಡುಗರು ಹೊತ್ತು ಮುಳುಗುವ ತನಕ ಬತ್ತಿ ಎರಕ ಹೊಯ್ದು ಊರಿಗೆಲ್ಲ ಬೆಳಕು ಕೊಟ್ಟರು. ನಮ್ಮ ಹುಡುಗಿಗೆ ಬದುಕಿನ ಮೊದಲ ಗಳಿಕೆ ಬಂತು. ತಾಯಿಗೊಂದು ಸೀರೆ ತಂದಳು.

ಮುಷ್ಕರ ಮುಗಿದರೆ ಈ ಕೆಲಸವೂ ಮುಗಿಯುತ್ತದೆ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಂದು ದಿನ ಚಳವಳಿಯವರು ಬಂದು, ನಿಮ್ಮ ಅಭಿಪ್ರಾಯ ಬರೆಯಿರಿ ಎಂದು ಒಂದು ಪುಸ್ತಕ ಹಿಡಿದರು. ನಮ್ಮ ಹುಡುಗಿ ಬಹಳ ಹೊತ್ತು ಯೋಚಿಸಿ ದುಂಡಗೆ ಬರೆದುಕೊಟ್ಟಳು:

“ತೆಲಂಗಾಣ ಬರಲೇಬೇಕು. ಆದರೆ ನಿಧಾನಕ್ಕೆ ಬರಲಿ.”

ಮೂರು ಗಾಲಿ ಸೈಕಲ್ಲು

ಮುಷ್ಕರ ಮುಗಿಯಿತು, ಕರೆಂಟು ಬಂತು, ತರಬೇತಿ ನಿಂತಿತು. ಹುಡುಗಿ ವಾಪಸು ಊರಿಗೆ ಬಂದಳು. ಅದೇ ತಿಂಗಳು ಜಹೀರಾಬಾದಿನಲ್ಲಿ ಸಮಾರಂಭ ಮಾಡಿ ಅಂಗವಿಕಲರಿಗೆ ಕೈಯಿಂದ ಪೆಡಲು ತಿರುಗಿಸುವ ಮೂರು ಗಾಲಿ ಸೈಕಲ್ಲು ಹಂಚಿದರು. ಪಟ್ಟಿಯಲ್ಲಿ ಹನ್ನೆರಡು ಜನ ಅಂಗವಿಕಲರು, ಲಾರಿಯಲ್ಲಿ ಹನ್ನೆರಡು ಸೈಕಲ್ಲು. ಲೆಕ್ಕ ಸರಿಹೋಯಿತು.

“ಈಕಿಗಿ ಕಿವಿ ಇಲ್ರಿ, ಕಾಲು ಬರಾಬರ್ ಅವ,” ಎಂದೆ.

“ಹೆಸರು ಬಂದದ ಅಕ್ಕೋರ, ತಗೋಲೇಬೇಕು. ಫೋಟೋ ತೆಗೆಯೋರು ಬಂದಾರ,” ಎಂದರು ಹಂಚುವವರು. ಕಣ್ಣಿಲ್ಲದ ಹುಡುಗನಿಗೂ ಒಂದು ಸೈಕಲ್ಲು ಬಂತು. ನಮ್ಮ ಹುಡುಗಿಯ ತಾಯಿ ಅದರಲ್ಲಿ ನೀರಿನ ಕೊಡ ಇಟ್ಟು ತಳ್ಳಿಕೊಂಡು ಹೋಗುತ್ತಿದ್ದಳು.

ಕೆಲವು ದಿನಕ್ಕೆ ಹೆದ್ದಾರಿ ತಡೆಯ ಕರೆ ಬಂತು. ಚಳವಳಿಯ ಮುಖಂಡನೊಬ್ಬ ನಮ್ಮ ಆಫೀಸಿಗೆ ಬಂದ.

“ಅಕ್ಕೋರ, ನಿಮ್ಮ ಸೈಕಲ್ಲಿನವರನ್ನ ಮುಂದಿನ ಸಾಲಿನಾಗ ಕೂಡಸ್ರಿ. ಪೊಲೀಸರು ಲಾಠಿ ಎತ್ತಾಂಗಿಲ್ಲ.”

“ಇವರಿಗೇನು ಸಿಗ್ತದಪ್ಪ?” ಅಂದೆ.

“ತೆಲಂಗಾಣ ಬರಲಿ, ಮೊದಲ ನೌಕರಿ ಇವರಿಗೇ.”

ನೌಕರಿ ಎಂದು ಅವನು ಹೇಳಿದ್ದನ್ನು ನಾನು ಕೈಸನ್ನೆಯಲ್ಲಿ ತಿಳಿಸಿದ್ದೇ ತಪ್ಪಾಯಿತು. ತಡೆಯ ದಿನ ಹುಡುಗಿ ನನಗಿಂತ ಮೊದಲೇ ಸೈಕಲ್ಲು ಹತ್ತಿ ಹೆದ್ದಾರಿಯ ನಡುವೆ ಹೋಗಿ ಕೂತಳು. ಹಿಂದೆ ಲಾರಿಗಳು ಕಣ್ಣು ಹಾಯುವ ತನಕ ಸಾಲಾಗಿ ನಿಂತವು. ಮಧ್ಯಾಹ್ನ ಪೊಲೀಸರು ಬಂದರು. ಮುಂದಿನ ಸಾಲು ನೋಡಿ ಲಾಠಿ ಕೆಳಗಿಟ್ಟು, ನಾಲ್ಕು ಜನ ಕಾನ್‌ಸ್ಟೇಬಲ್‌ಗಳು ಹುಡುಗಿಯನ್ನು ಸೈಕಲ್ಲಿನ ಸಮೇತ ಎತ್ತಿ, ಬೆವರು ಸುರಿಸುತ್ತಾ, ಬೇವಿನ ಮರದ ನೆರಳಿನಲ್ಲಿ ಜೋಪಾನವಾಗಿ ಇಳಿಸಿದರು. ಒಬ್ಬ ಕುಡಿಯಲು ನೀರು ಕೊಟ್ಟ.

ಹುಡುಗಿ ನೀರು ಕುಡಿದಳು. ಸೈಕಲ್ಲಿನಿಂದ ಇಳಿದಳು. ಲಂಗ ಕೊಡವಿಕೊಂಡು, ಸೈಕಲ್ಲನ್ನು ದಡದಡ ತಳ್ಳಿಕೊಂಡು ಓಡಿ, ಮತ್ತೆ ರಸ್ತೆಯ ನಡುವೆ ನಿಲ್ಲಿಸಿ ಹತ್ತಿ ಕೂತಳು.

ಹಿರಿಯ ಕಾನ್‌ಸ್ಟೇಬಲ್ ಟೋಪಿ ತೆಗೆದು ನನ್ನ ಹತ್ತಿರ ಬಂದ. “ಅಕ್ಕೋರ, ಇನ್ನ ತೆಲಂಗಾಣ ಬರೋದು ಖರೆ. ಕಾಲಿಲ್ಲದವರು ಎದ್ದು ಓಡಾಕತ್ತಾರ.”

ರೆಡಿಮೇಡ್

ವರ್ಷ ಮುಗಿಯುತ್ತಾ ಬಂತು. ತಾಯಿ ಆಫೀಸಿಗೆ ಬಂದಳು. “ಅಕ್ಕೋರ, ಶೆಡ್ಡು ಒಮ್ಮಿ ನೋಡ್ಕೊಂಡ್ ಬರ್ರಿ. ನೀವ್ ನೋಡಿದ್ರ ನನಗೂ ಸಮಾಧಾನ,” ಎಂದಳಷ್ಟೆ.

ಹುಡುಗಿಯನ್ನು ಕರೆದುಕೊಂಡು ತಾಂಡೂರಿಗೆ ಹೋದೆ. ಶೆಡ್ಡಿನ ಒಳಗೆ ಮಷಿನ್ನುಗಳ ಸದ್ದಿಗೆ ಹಲ್ಲು ನಡುಗುತ್ತವೆ. ಕಲ್ಲಿನ ದೂಳು ಬಿದ್ದು ಎಲ್ಲರ ತಲೆಗೂದಲೂ ಬೆಳ್ಳಗೆ. ಇಪ್ಪತ್ತರವನೂ ಅರವತ್ತರವನೂ ಒಂದೇ ಥರ ಕಾಣುತ್ತಾರೆ. ಅವಳ ಸೋದರಮಾವ ಮೂಲೆಯಲ್ಲಿ ಬಾಗಿ ಕೆಲಸ ಮಾಡುತ್ತಿದ್ದ. ಸೊಸೆಯನ್ನು ನೋಡಿ ನಕ್ಕ, ಆಮೇಲೆ ಕೆಮ್ಮಿದ, ಆ ಕೆಮ್ಮು ನಿಲ್ಲಲಿಲ್ಲ.

ಮಾಲೀಕ ಒಳ್ಳೆಯವನೇ. ಚಹಾ ತರಿಸಿದ. ಈಕೆಗೆ ಕಿವಿ ಕೇಳುವುದಿಲ್ಲ ಎಂದು ನಾನು ಅವನ ಕಿವಿಯ ಹತ್ತಿರ ಮೂರು ಸಲ ಕೂಗಿ ಹೇಳಬೇಕಾಯಿತು.

“ಛಲೋ ಆತಲ್ರಿ!” ಎಂದು ಅವನೂ ಕೂಗಿದ. “ಇಲ್ಲಿ ಐದು ವರ್ಷ ದುಡಿದವ್ರು ಹೆಂಗೂ ಕಿವುಡಾಗ್ತಾರ. ನೀವ್ ರೆಡಿಮೇಡೇ ತಂದೀರಿ!”

ಹಾಜರಿ

ತಾಂಡೂರಿನಿಂದ ವಾಪಸು ಬಂದ ದಿನವೇ ಆಫೀಸಿನ ಮೇಜಿನ ಮೇಲೆ ಕಾಗದ ಕಾದಿತ್ತು. ಜಿಲ್ಲಾ ಕೇಂದ್ರದ ಒಂದು ಕಚೇರಿಯಲ್ಲಿ ಅಟೆಂಡರ್ ಕೆಲಸ, ಒಂದೇ ಒಂದು, ಅದೂ ಕಿವಿ ಕೇಳದವರ ಕೋಟಾದಲ್ಲಿ. ನಾನು ಕೆಲವು ತಿಂಗಳ ಹಿಂದೆ ಹಾಕಿದ್ದ ಅರ್ಜಿಗೆ ಸಂದರ್ಶನದ ಕರೆ ಬಂದಿತ್ತು. ಫೈಲು ಹುಡುಕುವ ಕೆಲಸ, ಇವಳಿಗೆಂದೇ ಹುಟ್ಟಿದ್ದು. ಸರ್ಟಿಫಿಕೇಟಿನ ಆಯುಷ್ಯ ಇನ್ನು ಎಂಟು ದಿನ ಇತ್ತು. ತಾಯಿ ಕೈ ಮುಗಿದು, “ಎಂಟು ದಿನ ನಾನೂ ತಡೀತೀನಿ ಅಕ್ಕೋರ. ಆಗಲಿಲ್ಲಂದ್ರ ಸೋಮಾರ ತಾಂಡೂರು,” ಎಂದಳು.

ಸಂದರ್ಶನದ ದಿನವೂ ರಸ್ತೆ ತಡೆ. ಅರ್ಧ ದಾರಿ ಜೀಪು, ಅರ್ಧ ದಾರಿ ನಡಿಗೆ. ಹೇಗೋ ಹತ್ತು ಗಂಟೆಗೆ ಮೊದಲೇ ಮುಟ್ಟಿದೆವು. ಬಾಗಿಲಲ್ಲಿ ಪ್ಯೂನ್ ನನ್ನನ್ನು ತಡೆದ, ಅಭ್ಯರ್ಥಿಗಳು ಮಾತ್ರ ಒಳಗೆ.

“ಆಕಿಗಿ ಕೇಳ್ಸಂಗಿಲ್ಲಪ್ಪ, ಪಾಳಿ ಬಂದಾಗ ಮುಟ್ಟಿ ಹೇಳು,” ಅಂದೆ.

“ಇವತ್ತು ಬಂದವರೆಲ್ಲಾ ಕಿವುಡರೇ ಅಕ್ಕೋರ. ಎಲ್ಲಾ ನಮಗ ಗೊತ್ತದ,” ಎಂದು ಬಾಗಿಲು ಹಾಕಿಕೊಂಡ.

ಕಿಟಕಿಯಿಂದ ನೋಡಿದೆ. ಹುಡುಗಿ ಮೊದಲ ಸಾಲಿನಲ್ಲಿ, ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಲಲ್ಲಿ ಫೈಲು, ಬೆನ್ನು ನೆಟ್ಟಗೆ. ಒಬ್ಬೊಬ್ಬರೇ ಎದ್ದು ಹೋಗುವುದನ್ನು ನೋಡುತ್ತಾ ತನ್ನನ್ನು ಯಾವಾಗ ಮುಟ್ಟುತ್ತಾರೋ ಎಂದು ಕಾಯುತ್ತಿದ್ದಳು. ಗೇಟಿನವನು ನನ್ನನ್ನು ಕಿಟಕಿಯಿಂದಲೂ ಓಡಿಸಿದ. ನಾಲ್ಕು ಗಂಟೆಗೆ ಕೋಣೆ ಖಾಲಿಯಾಗಿ, ಅವಳೊಬ್ಬಳೇ ಹೊರಗೆ ಬಂದು, ನನ್ನ ಪಾಳಿ ನಾಳೆಯೇ ಎಂದು ಕೈಸನ್ನೆಯಲ್ಲಿ ಕೇಳಿದಳು. ಅವಳನ್ನು ವರಾಂಡದ ಬೆಂಚಿನಲ್ಲಿ ಕೂರಿಸಿ ನಾನು ಒಳಗೆ ನುಗ್ಗಿದೆ.

ಗುಮಾಸ್ತರು ಪುಸ್ತಕ ತೆಗೆದು ನೋಡಿದರು. ಅವಳ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ಗೈರುಹಾಜರಿ’ ಎಂದಿತ್ತು.

“ನಿಮ್ಮ ಕಣ್ಣ ಮುಂದ ಆರು ತಾಸು ಕೂತಾಳಲ್ರಿ!” ಅಂದೆ.

ಪ್ಯೂನಿಗೆ ಬೇಸರವಾಯಿತು. “ನನ್ನ ಕೆಲಸದಾಗ ತಪ್ಪಿಲ್ಲ ಅಕ್ಕೋರ. ಪರದೆ ಹಿಂದ ನಿಂತು ಮೂರು ಸಲ ಕೂಗೀನಿ. ತೆಲುಗಿನಾಗ ಕರ್ದೆ, ಉರ್ದುನಾಗ ಕರ್ದೆ. ಗಡಿ ಕಡಿಯವಳು ಅಂತ ಕನ್ನಡದಾಗೂ ಕರ್ದೆ. ಓ ಅನ್ನಲೇ ಇಲ್ಲ.”

“ಮತ್ತ ಆ ನೌಕರಿ?”

“ಆತಲ್ರಿ,” ಎಂದರು ಗುಮಾಸ್ತರು. “ಒಬ್ಬ ಹುಡುಗ ಮೊದಲನೇ ಕರೆಗೇ ‘ಬಂದೆ ಸಾರ್’ ಅಂತ ಓಡಿ ಬಂದ. ಬಹಳ ಚುರುಕು. ಅವನಿಗೇ ಬರೆದ್ರು.”

“ಕಿವುಡರ ಕೋಟಾದಾಗ ಕರೆದ ಕೂಡ್ಲೆ ಓಡಿ ಬಂದನೇನ್ರಿ?”

ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನೇ ದಡ್ಡಿ ಎನ್ನುವ ಹಾಗೆ, ತಾಳ್ಮೆಯಿಂದ ಬಿಡಿಸಿ ಹೇಳಿದರು. “ಅಕ್ಕೋರ, ಅಟೆಂಡರ್ ಅಂದ್ರ ಸಾಹೇಬ್ರು ಗಂಟಿ ಹೊಡೆದ್ರ ಬರಬೇಕಲ್ಲ? ನಮಗ ಕೇಳಸೋ ಕಿವುಡರು ಬೇಕಾಗಿತ್ತು.”

ಮೇಲಿನ ಸಾಹೇಬರಿಗೆ ಅರ್ಜಿ ಕೊಡಬಹುದು, ಎರಡು ತಿಂಗಳಾಗುತ್ತದೆ ಎಂದರು. ಅಷ್ಟರಲ್ಲಿ ಸರ್ಟಿಫಿಕೇಟಿನ ವಾಯಿದೆಯೂ ಮುಗಿದು, ನಮ್ಮ ಹುಡುಗಿ ಕಾಗದದ ಮೇಲೆ ಕಿವುಡಿಯೂ ಆಗಿರುವುದಿಲ್ಲ.

ಹೊರಗೆ ಬಂದು ಕೈಸನ್ನೆಯಲ್ಲಿ ಎಲ್ಲವನ್ನೂ ಹೇಳಿದೆ. ಅಷ್ಟು ಕಷ್ಟದ ಮಾತನ್ನು ನನ್ನ ಕೈಗಳು ಅದಕ್ಕೆ ಮುಂಚೆ ಆಡಿರಲಿಲ್ಲ. ಅವಳು ನೋಟ್‌ಬುಕ್ಕು ತೆಗೆದು, “ಸೋಮವಾರ ತಾಂಡೂರು?” ಎಂದು ಬರೆದು ತೋರಿಸಿದಳು. ನಾನು ಹೌದೆಂದು ತಲೆ ಆಡಿಸಿದೆ.

ಅವಳು ಅಳಲು ಶುರುಮಾಡಿದಳು. ತನ್ನ ದನಿ ಎಷ್ಟು ಜೋರು ಎಂದು ಅವಳಿಗೆ ಗೊತ್ತಿಲ್ಲ. ಇಡೀ ಕಚೇರಿ ಬಾಗಿಲಿಗೆ ಬಂತು. ಪ್ಯೂನ್ ಓಡಿ ಬಂದ.

“ಅಕ್ಕೋರ, ಆಕಿಗಿ ಸುಮ್ನ ಇರು ಅಂತ ಹೇಳ್ರಿ. ಒಳಗ ಸಾಹೇಬ್ರಿಗಿ ಕೇಳಸ್ತದ.”

“ನಾ ಯಾಕ ಹೇಳ್ಲಿ? ನೀನೇ ಹೇಳಪ್ಪ,” ಅಂದೆ. “ಮೂರೂ ಭಾಷಾದಾಗ ಹೇಳು.”

ಅವನು ಅವಳ ಮುಂದೆ ಹೋಗಿ ನಿಂತು, ಗಂಟಲು ಸರಿಮಾಡಿಕೊಂಡು, ಮೊದಲು ತೆಲುಗಿನಲ್ಲಿ ಹೇಳಿದ. ಆಮೇಲೆ ಉರ್ದುವಿನಲ್ಲಿ ಹೇಳಿದ. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಕನ್ನಡದಲ್ಲೂ ಹೇಳಿದ.