ನಾನು ತೋಳವನ್ನು ಕಳೆದ ಲೆಕ್ಕ

ಲೆಕ್ಕವೆಂದರೆ ಮಕ್ಕಳು ಅಳುವುದು ಕಲಿಸುವವರ ತಪ್ಪು ಎಂದು ಹೊಸದಾಗಿ ಮೇಷ್ಟ್ರಾದಾಗ ನಾನು ನಂಬಿದ್ದೆ. ಪರಶುರಾಂಪುರದಾಚೆ ಕುರಿಗಾರರ ಹಳ್ಳಿಯೊಂದಕ್ಕೆ ಎತ್ತಿನಗಾಡಿಯಲ್ಲಿ ಬಂದಿಳಿದವನೇ ಬೆತ್ತವನ್ನು ಮೂಲೆಗಿಟ್ಟು, ನಗಿಸಿ ಕಲಿಸುವ ಮಹತ್ಕಾರ್ಯಕ್ಕೆ ಕೈಹಾಕಿದೆ.

"ಗೌಡರ ರೊಪ್ಪದಲ್ಲಿ ನಲವತ್ತು ಕುರಿ. ತೋಳರಾಯರು ಬೀಗರೂಟಕ್ಕೆಂದು ಬಂದು ಒಂದನ್ನು ಹೊತ್ತುಕೊಂಡು ಹೋದರು. ಉಳಿದದ್ದೆಷ್ಟು?"

ತೋಳ ರುಮಾಲು ಸುತ್ತಿಕೊಂಡು ಎಲೆಯ ಮುಂದೆ ಕೂರುವ ಠೀವಿಯನ್ನು ನಾನೇ ಅಭಿನಯಿಸಿ ತೋರಿಸಿದೆ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಉತ್ತರವನ್ನೂ ಸರಿಯಾಗಿ ಹೇಳಿದರು! ನನ್ನ ಜಾಣತನಕ್ಕೆ ನಾನೇ ಬೆರಗಾದೆ.

ಮರುದಿನ ಬೆಳಗಾಗುವುದರೊಳಗೆ ತೋಳ ನಿಜವಾಗಿಯೂ ಗೌಡರ ರೊಪ್ಪದ ಬೇಲಿ ಹಾರಿ ಕುರಿ ಹೊತ್ತೊಯ್ದಿತ್ತು. ಒಂದೇ ಒಂದು. ನಾನು ಹೇಳಿದಷ್ಟೇ!

ಅಂದು ಶಾಲೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ನನ್ನ ಹೆಂಡತಿ ಸೀತಮ್ಮ ಬಾವಿಕಟ್ಟೆಯಿಂದ ಸುದ್ದಿ ತಂದಳು. ಆ ಊರಿನಲ್ಲಿ ಕುರಿಯನ್ನು ಯಾರೂ ಬಾಯಿಬಿಟ್ಟು ಎಣಿಸುವುದಿಲ್ಲವಂತೆ, ದೃಷ್ಟಿ ತಾಕುತ್ತದಂತೆ. ಮುಖ ನೋಡಿಯೇ ಯಾವುದು ಬಂದಿಲ್ಲವೆಂದು ಹೇಳಿಬಿಡುತ್ತಾರಂತೆ. ನಾನೋ, ಎಣಿಸಿದ್ದು ಸಾಲದೆಂದು ಕಳೆದೂ ಬಿಟ್ಟಿದ್ದೆ.

"ಮಕ್ಳು ಬರದಿದ್ರೆ ಶಾಲೆ ಮುಚ್ತಾರೆ. ಆಮೇಲೆ ನಮ್ಮಪ್ಪಂಗೆ ಏನಂತ ಹೇಳ್ಲಿ?" ಎಂದಳು.

ಮಾವನವರು ಮೈಸೂರು ಸರ್ಕಾರದ ನೌಕರಿ ನೋಡಿ ಮಗಳನ್ನು ಕೊಟ್ಟವರು. ನನ್ನ ಮುಖ ನೋಡಿ ಅಲ್ಲ.

ಸಂಜೆ ಗೌಡರ ಕರೆ ಬಂತು. ಕಾಲಿಗೆ ಬೀಳಲು ಸಿದ್ಧನಾಗಿಯೇ ಹೋದೆ. ಆದರೆ ನನ್ನನ್ನು ಕಂಡು ಗೌಡರೇ ಹಿಂದಕ್ಕೆ ಸರಿದರು!

"ನೀವು ಕಳೆದದ್ದು ಹೋಗ್ತೈತೆ ಅಂತ ಆತು. ಹಂಗಾರೆ ಆ ತೋಳಾನೇ ಕಳೀರಿ, ಮೇಷ್ಟ್ರೇ. ಆಮೇಲೆ ಮಕ್ಳನ್ನ ಕಳಿಸ್ತೀವಿ."

ಊರವರ ಸಮ್ಮುಖದಲ್ಲಿ ಒಂದನ್ನೇ ಕಳೆದರೆ ಸಾಲದೆಂದು ಹಲಗೆಯ ಮೇಲೆ ಐದು ತೋಳ ಬರೆದು ಐದನ್ನೂ ಕಳೆದೆ. ಸೊನ್ನೆ ಬಂತು. ಬದುಕಿದೆ ಎಂದು ಹಲಗೆಯನ್ನು ಕಂಕುಳಿಗೆ ಸೇರಿಸಿದೆ. ಗೌಡರು ಕೋಲು ಎತ್ತಿಕೊಂಡರು.

"ಲೆಕ್ಕ ಮಾಡಿದ ಮ್ಯಾಲೆ ತಾಳೆ ನೋಡ್ಬೇಕು ಅಂತ ನೀವೇ ಹೇಳಿಕೊಟ್ಟೀರಂತೆ. ನಡೀರಿ, ತೋಳ ಇರೋ ಪೊದೆ ತಾವ ಹೋಗಿ ನೋಡಾನ."

ಲೆಕ್ಕ ಮಾಡಿದವನೇ ಮುಂದೆ ನಡೆಯಬೇಕೆಂಬುದು ಊರಿನ ಒಮ್ಮತದ ತೀರ್ಮಾನ. ಕತ್ತಲಿಳಿಯುತ್ತಿತ್ತು. ನನಗೆ ಗೊತ್ತಿದ್ದ ದೇವರ ಹೆಸರುಗಳೆಲ್ಲ ಪೊದೆ ಮುಟ್ಟುವ ಮೊದಲೇ ಮುಗಿದುಹೋದವು. ಆಗ ಹಿಂದಿನಿಂದ ಏನೋ ನನ್ನ ಪಂಚೆಯನ್ನು ಗಬಕ್ಕನೆ ಹಿಡಿಯಿತು. ನಾನು ಎಳೆದೆ. ಅದೂ ಎಳೆಯಿತು! ತಿರುಗಿ ನೋಡದೆ ಕಣ್ಣುಮುಚ್ಚಿ ಕೈಮುಗಿದೆ.

"ಬಿಟ್ಬಿಡಪ್ಪಾ! ನಿನ್ನ ಲೆಕ್ಕ ವಾಪಸ್ಸು ಕೂಡ್ತೀನಿ! ಐದಲ್ಲ, ಹತ್ತು ಮಾಡ್ತೀನಿ!"

ಗೌಡರು ಬಂದು ಕಾರೆ ಗಿಡದ ಮುಳ್ಳಿನಿಂದ ನನ್ನ ಪಂಚೆ ಬಿಡಿಸಿದರು. ನಗು ತಡೆಯಲಾರದೆ ಅವರ ಹೊಟ್ಟೆ ಕುಣಿಯುತ್ತಿತ್ತು. ಮುಳ್ಳಿಗೆ ಕೈಮುಗಿಯುವ ಮೇಷ್ಟ್ರ ಮಾತು ಕೇಳಿ ಯಾವ ತೋಳ ಕುರಿ ಹೊತ್ತೀತು ಎಂದು ಊರಿಗೆ ಊರೇ ನಿರಾಳವಾಯಿತು. ಮರುದಿನ ಅಷ್ಟೂ ಮಕ್ಕಳು ಶಾಲೆಗೆ ಬಂದರು. ನೌಕರಿ ಉಳಿಯಿತು.

ಈಗ ನಗಿಸಲು ನಾನು ಕಷ್ಟಪಡಬೇಕಿಲ್ಲ. ಭಾಗಾಕಾರ ಬೇಸರವಾದಾಗ ಹಿಂದಿನ ಸಾಲಿನಿಂದ ಯಾರಾದರೊಬ್ಬರು ಮೆಲ್ಲಗೆ "ಬಿಟ್ಬಿಡಪ್ಪಾ" ಎನ್ನುತ್ತಾರೆ. ತರಗತಿಯೆಲ್ಲ ಬಿದ್ದು ಬಿದ್ದು ನಗುತ್ತದೆ. ಗದರಿಸಬೇಕೆಂದು ಬಾಯಿ ತೆರೆಯುತ್ತೇನೆ. ಆದರೆ ಅದಕ್ಕೂ ಮೊದಲು ಒಮ್ಮೆ ಹಿಂದೆ ತಿರುಗಿ ಪಂಚೆ ನೋಡಿಕೊಳ್ಳುತ್ತೇನೆ.