ಕೂಜಾದೊಳಗಿನ ಹಿಮನದಿ

"ಬದರಿ, ಕೇದಾರ ಅಂತ ಯಾಕತ್ತೆ ಕೊರಗ್ತೀರಿ? ಹಿಮ ತಾನೇ ನೋಡಬೇಕು? ಈ ಪಿಸ್ಕಾಟವೇ ಊರಿನ ನಮ್ಮ ಮನೆ ಬಾಗಿಲಲ್ಲಿ ಕಾರು ಹತ್ತಿ, ಕಣ್ಣು ಮುಚ್ಚಿ. ಕಣ್ಣು ಬಿಡೋ ಹೊತ್ತಿಗೆ ಹಿಮದ ಬುಡದಲ್ಲಿ ಇಳಿಸ್ತೀನಿ. ಡೋಲಿ ಬೇಡ, ಕುದುರೆ ಬೇಡ, ಚಪ್ಪಲಿ ಸವೆಯೋದೂ ಬೇಡ!"

೧೯೭೨ರ ಜುಲೈ ತಿಂಗಳ ಒಂದು ಸಂಜೆ, ಅಮೆರಿಕದ ತನ್ನ ಮನೆಯಲ್ಲಿ ಅಶ್ವತ್ಥನಾರಾಯಣ ಹೀಗೆಂದು ಘೋಷಿಸಿದಾಗ ಅವನ ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದು ಕೈಯಲ್ಲಿ ರಸ್ತೆಗಳ ನಕ್ಷೆ. ಚಕ್ರವರ್ತಿಗಳು ದಂಡಯಾತ್ರೆ ಹೊರಡುವಾಗ ಉಪ್ಪಿಟ್ಟು ತಿನ್ನುತ್ತಿದ್ದರೋ ಇಲ್ಲವೋ, ಮುಖದ ಕಳೆ ಮಾತ್ರ ಅದೇ.

"ಕೆನಡಾದ ಆ ಬೆಟ್ಟಗಳು ಇಲ್ಲಿಂದ ಎರಡೂವರೆ ಸಾವಿರ ಮೈಲಿ. ಐದು ದಿನ ಅಮ್ಮ ಕಣ್ಣು ಮುಚ್ಕೊಂಡೇ ಇರಬೇಕೇನ್ರೀ?" ಎಂದಳು ಹೆಂಡತಿ ಉಷಾ.

"ಡ್ರೈವ್ ಮಾಡೋನು ನಾನು. ನನ್ನ ಕಾರು ನಿಲ್ಲು ಅಂದಾಗ ನಿಲ್ಲುತ್ತೆ, ಹೊರಡು ಅಂದಾಗ ಹೊರಡುತ್ತೆ. ಎಂಜಿನಿಯರ್ ಕಣೇ ನಾನು!"

ಅವನು ಟೆಲಿಫೋನ್ ಎಂಜಿನಿಯರ್. ಕಾರಿಗೂ ಅದಕ್ಕೂ ಏನು ಸಂಬಂಧ ಎಂದು ಉಷಾ ಕೇಳಲಿಲ್ಲ. ಹನ್ನೊಂದು ವರ್ಷ ಸಂಸಾರ ಮಾಡಿದವರು ಅಂಥ ಪ್ರಶ್ನೆಗಳನ್ನು ನುಂಗಿಕೊಳ್ಳುತ್ತಾರೆ.

ಅತ್ತೆ ತ್ರಿಪುರಸುಂದರಮ್ಮ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದಿದ್ದರು. ಅವರ ಯಜಮಾನರು ತೀರಿಕೊಂಡು ವರ್ಷ ಕಳೆದಿತ್ತು. ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದ ಆ ಪುಣ್ಯಾತ್ಮರು ಮದುವೆಯಾದ ವರ್ಷವೇ ಹೆಂಡತಿಗೆ ಮಾತು ಕೊಟ್ಟಿದ್ದರಂತೆ, ಬದರಿಗೆ ಕರೆದುಕೊಂಡು ಹೋಗುತ್ತೇನೆ ಎಂದು. ಆ ಮಾತು ಹೊಳೆನರಸೀಪುರ, ನಂಜನಗೂಡು, ಕೊಳ್ಳೇಗಾಲ ಅಂತ ಅವರ ಜೊತೆಯಲ್ಲೇ ವರ್ಗವಾಗುತ್ತಾ ಹೋಗಿ, ಕೊನೆಗೆ ಅವರ ಜೊತೆಯಲ್ಲೇ ನಿವೃತ್ತಿಯಾಯಿತು.

ಮಗಳನ್ನೂ ಕೂರಿಸಿಕೊಂಡು ಹೊರಟರು. ಹಳೆಯ ಸ್ಟೇಷನ್ ವ್ಯಾಗನ್ನಿನ ಹಿಂಭಾಗದಲ್ಲಿ ಕುಕ್ಕರು, ಅಕ್ಕಿ, ಹುಳಿಯನ್ನದ ಗೊಜ್ಜು, ಎರಡು ಡಬ್ಬಿ ಚಟ್ನಿಪುಡಿ. ಇವೆಲ್ಲದರ ನಡುವೆ ಪಟ್ಟದರಸಿಯಂತೆ ಅತ್ತೆಯವರ ಸ್ಟೀಲ್ ಕೂಜಾ. ತಿರುಗಿಸುವ ಮುಚ್ಚಳ, ಮೇಲೊಂದು ಹಿಡಿ. ರೈಲಿನಲ್ಲಿ ನೀರಿಗೆಂದು ನಮ್ಮವರೆಲ್ಲ ಒಯ್ಯುತ್ತಾರಲ್ಲ, ಅದೇ. ಆಕೆ ಅದನ್ನು ವಿಮಾನದಲ್ಲೂ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರು.

ಐದನೆಯ ದಿನ ಬೆಟ್ಟಗಳು ಎದುರಾದವು. ಎದುರಾದವು ಎಂದರೆ ಸಾಲದು, ರಸ್ತೆಯ ಎರಡೂ ಕಡೆ ಎದ್ದು ನಿಂತವು. ಒಂದೊಂದು ತಿರುವಿಗೂ ಒಂದೊಂದು ಸರೋವರ. ಬಟ್ಟೆಗೆ ಹಾಕುವ ನೀಲಿಯನ್ನು ಯಾರೋ ಕೈತಪ್ಪಿ ಇಡೀ ಪೊಟ್ಟಣ ಸುರಿದುಬಿಟ್ಟಂಥ ಬಣ್ಣ. ಅಶ್ವತ್ಥನಾರಾಯಣ ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ಇನ್ನೊಂದು ಕೈಯಿಂದ ಬೆಟ್ಟಗಳನ್ನು ತೋರಿಸುತ್ತಿದ್ದ ರೀತಿ ನೋಡಿದರೆ, ಅವನ್ನು ಅಲ್ಲಿ ನಿಲ್ಲಿಸಿದವನೇ ಅವನೇನೋ ಎನ್ನಬೇಕು. ಪ್ರತಿ ಮೈಲಿಗೂ ಕಾರು ನಿಲ್ಲಿಸಿ ಫೋಟೋ ತೆಗೆದ. ಎಲ್ಲ ಸ್ಲೈಡುಗಳು! ಮನೆಗೆ ಹೋಗಿ ಗೋಡೆಯ ಮೇಲೆ ದೊಡ್ಡದಾಗಿ ಬಿಟ್ಟು, ಊರಿನ ಕನ್ನಡಿಗರೆಲ್ಲ ಬಾಯಿ ಬಿಡುವಂತೆ ಮಾಡಬೇಕೆಂಬುದು ಅವನ ಹಟ.

ಹಿಮನದಿ ರಸ್ತೆಗೆ ಅಷ್ಟು ಹತ್ತಿರವಿತ್ತು. ಕಾರು ನಿಲ್ಲಿಸಿ ಕಲ್ಲುಗಳ ಮೇಲೆ ಸ್ವಲ್ಪ ನಡೆದರೆ ಅದರ ಪಾದ. ಒಂಬತ್ತು ಗಜದ ಸೀರೆಯ ಮೇಲೆ ಅಳಿಯನ ಓವರ್‌ಕೋಟು ತೊಟ್ಟು, ಒಂದು ಕೈಯಲ್ಲಿ ಕೂಜಾ, ಇನ್ನೊಂದರಲ್ಲಿ ಉಷಾಳ ಕೈ ಹಿಡಿದು, ತ್ರಿಪುರಸುಂದರಮ್ಮ ಅಲ್ಲಿಯವರೆಗೂ ಹೋದರು.

"ಹೇಗಿದೆ ಅತ್ತೆ?" ಎಂದ ಅಶ್ವತ್ಥನಾರಾಯಣ, ಸರ್ಟಿಫಿಕೇಟಿಗೆ ಕಾದವನಂತೆ.

"ಇಷ್ಟಕ್ಕೆ ಅವರು ಮೂವತ್ತು ವರ್ಷ ರಜಾ ಅರ್ಜಿ ಬರೀತಾನೇ ಇದ್ರು," ಎಂದರು ಆಕೆ. ಕಣ್ಣೊರೆಸಿಕೊಳ್ಳಲಿಲ್ಲ, ಬಗ್ಗಿ ಕೂಜಾದ ಮುಚ್ಚಳ ತಿರುಗಿಸಿದರು. ಹಿಮದಡಿಯಿಂದ ಹರಿದುಬರುತ್ತಿದ್ದ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿತ್ತು. ಅದನ್ನೇ ತುಂಬಿಕೊಂಡರು. "ಮನೇಲಿ ಅವರ ಫೋಟೋ ಮುಂದೆ ಇಡ್ತೀನಿ. ಬದರಿಗೆ ನಾನೇ ಹೋಗಿ ಬಂದೆ ಅಂತ ಹೇಳ್ತೀನಿ."

ವಾಪಸು ಬರುವಾಗ ನಾರ್ತ್ ಡಕೋಟಾದಲ್ಲಿ ನಡುಮಧ್ಯಾಹ್ನ, ನಿಲ್ಲು ಎಂದು ಹೇಳದಿದ್ದರೂ ಕಾರು ನಿಂತಿತು. ಬಾನೆಟ್ಟಿನಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. ಕಣ್ಣು ಹಾಯುವಷ್ಟು ದೂರ ಗೋಧಿ, ಅಲ್ಲೊಂದು ಮರ. ಮನುಷ್ಯಪ್ರಾಣಿ ಇಲ್ಲ, ನೀರಿಲ್ಲ. ಕುಡಿಯುವ ನೀರು ಬೆಳಿಗ್ಗೆಯೇ ಮುಗಿದಿತ್ತು. ಎಂಟು ವರ್ಷದ ಮಗಳು ನೀತಾ ಬಿಸಿಲಿಗೆ ಕೆಂಪಾಗಿ ರಾಗ ತೆಗೆದಳು. ಅವಳ ಬಾಯಿ ಮುಚ್ಚಿಸಲು ಅಶ್ವತ್ಥನಾರಾಯಣ ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿ, ಮೂವರನ್ನೂ ಮರದ ನೆರಳಿಗೆ ಅಟ್ಟಿದ.

"ನಿಮ್ಮ ಕೈಲಿ ಆಗುತ್ತೇನ್ರೀ?" ಎಂದಳು ಉಷಾ ಹೋಗುತ್ತಾ.

"ಹತ್ತು ನಿಮಿಷ!"

ಮುಕ್ಕಾಲು ಗಂಟೆ ಕಳೆಯಿತು. ಎರಡು ಬೆರಳು ಸುಟ್ಟವು. ರೇಡಿಯೇಟರು ಆರಿತು, ಬರಿದಾಗಿತ್ತು. ದಾರಿಯಲ್ಲಿ ಹೋದ ಒಂದೇ ಒಂದು ಲಾರಿಯವನು ಅವನು ಕೈ ಬೀಸಿದ್ದನ್ನು ನಮಸ್ಕಾರವೆಂದು ತಿಳಿದು ತಾನೂ ಕೈ ಬೀಸಿ ಮುಂದೆ ಹೋದ. ಆಗ ಅಶ್ವತ್ಥನಾರಾಯಣನ ಕಣ್ಣು ಟವೆಲ್ ಸುತ್ತಿಕೊಂಡು ಕೂತಿದ್ದ ಕೂಜಾದ ಮೇಲೆ ಬಿತ್ತು.

ಬೇಡವೆಂದ. ಮರದ ಕಡೆ ನೋಡಿದ. ಮತ್ತೆ ಬೇಡವೆಂದ. ಮರದವರೆಗೆ ಹೋಗಿ ಕೇಳಿಬಿಡಬಹುದಿತ್ತು. ಕೇಳಿದರೆ 'ಎಂಜಿನಿಯರ್ ಕಣೇ' ಎಂದವನು ನೀರಿಗೆ ಕೈಯೊಡ್ಡಿದಂತಾಗುತ್ತದಲ್ಲ! ಮುಚ್ಚಳ ತಿರುಗಿಸಿ, ಹಿಮನದಿಯನ್ನು ಗಟಗಟನೆ ಕಾರಿಗೆ ಕುಡಿಸಿದ. ಕಾರು ಗುರ್ ಎಂದಿತು.

"ಏನ್ ಮಾಡಿದ್ರಿ?" ಎಂದಳು ಉಷಾ, ನಿಜವಾಗಿ ಬೆರಗಾಗಿ.

"ಒಂದ್ ಸಣ್ಣ ಅಡ್ಜಸ್ಟ್‌ಮೆಂಟು," ಎಂದ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವಳು ಅವನನ್ನು ಮೆಚ್ಚಿ ನೋಡಿದಳು. ಆ ನೋಟವೇ ಅವನ ಬಾಯಿ ಕಟ್ಟಿತು.

ಹನ್ನೆರಡು ಮೈಲಿ ಮುಂದೆ ಸಿಕ್ಕ ಗ್ಯಾಸ್ ಸ್ಟೇಷನ್ನಿನಲ್ಲಿ, ಬಾತ್‌ರೂಮಿನ ಪಕ್ಕದ ನಲ್ಲಿಯಿಂದ ಕಾರಿಗೂ ತುಂಬಿಸಿದ, ಯಾರೂ ನೋಡದಂತೆ ಕೂಜಾಕ್ಕೂ ತುಂಬಿಸಿದ.

ಮನೆಗೆ ಬಂದ ಮೇಲೆ ಅತ್ತೆ ಮುಚ್ಚಳ ತೆಗೆದು ನೋಡಿದರು. "ಉಷಾ, ನೋಡೇ! ಎಷ್ಟು ತಿಳಿಯಾಗಿದೆ! ಮಣ್ಣೆಲ್ಲ ತಾನಾಗೇ ಕೆಳಗೆ ಕೂತಿದೆ." ಅಡುಗೆಮನೆಯ ಕಪಾಟಿನಲ್ಲಿ ದೇವರ ಪಕ್ಕಕ್ಕೆ ಕೂಜಾಕ್ಕೂ ಜಾಗವಾಯಿತು. ದಿನಾ ಅರಿಶಿನ, ಕುಂಕುಮ, ಹೂವು. ಅಶ್ವತ್ಥನಾರಾಯಣ ದಿನಾ ಬೆಳಿಗ್ಗೆ ಆ ಪೂಜೆಗೆ ಬೆನ್ನು ಹಾಕಿ ಕೂತು ಕಾರ್ನ್‌ಫ್ಲೇಕ್ಸ್ ತಿನ್ನುತ್ತಿದ್ದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡೇ ಇಪ್ಪತ್ತು ದಿನ ಕಳೆದವು. ಮಾವನವರ ರಜಾ ಅರ್ಜಿಗಳ ನೆನಪಾಗಿ ಇನ್ನಷ್ಟು ಕುಗ್ಗಿದ.

ಅತ್ತೆ ಊರಿಗೆ ಹೊರಡುವ ಹಿಂದಿನ ಶನಿವಾರ ಸಂಜೆ ಊಟ, ಅದಕ್ಕೆ ಮುಂಚೆ ಸ್ಲೈಡ್ ಪ್ರದರ್ಶನ. ಪ್ರಿನ್ಸ್‌ಟನ್ನಿನಿಂದ ಕೇಶವಮೂರ್ತಿ, ಮ್ಯಾನ್‌ಹಟನ್ನಿನಿಂದ ಧಾರವಾಡದ ಕಡೆಯ ಡಾಕ್ಟರ್ ಶರಣಬಸಪ್ಪ ಮತ್ತು ಅವರ ಹೆಂಡತಿ ಶೈಲಮ್ಮ ಬಂದರು. ಅಂದೇ ಅಂಚೆಯಲ್ಲಿ ಬಂದ ಸ್ಲೈಡುಗಳ ಕೊನೆಯ ಡಬ್ಬಿಯನ್ನು, ನಾನೇ ತೆಗೆದದ್ದನ್ನು ನಾನು ಬೇರೆ ನೋಡಬೇಕೇ ಎಂದು, ನೋಡದೆಯೇ ಪ್ರೊಜೆಕ್ಟರಿಗೆ ತುಂಬಿದ್ದ.

ಅತ್ತೆ ಎಲ್ಲರ ಕೈಗೂ ಒಂದೊಂದು ಉದ್ಧರಣೆ ತೀರ್ಥ ಹಾಕಿದರು.

"ಆಹಾ!" ಎಂದರು ಕೇಶವಮೂರ್ತಿ, ಕಣ್ಣು ಮುಚ್ಚಿ. ಅವರು ರಸಾಯನಶಾಸ್ತ್ರದ ಪ್ರೊಫೆಸರು. "ಇದರ ರುಚಿನೇ ಬೇರೆ. ಖನಿಜ ಕಣ್ರೀ, ಎಲ್ಲಾ ಶುದ್ಧ ಖನಿಜ!"

"ಎದ್ಯಾಗ ಥಣ್ಣಗ ಇಳೀತ್ರಿ," ಎಂದರು ಶರಣಬಸಪ್ಪ. "ಏನೋ ಒಂದ್ ಶಕ್ತಿ ಐತಿ ಇದರಾಗ. ಅಮ್ಮಾರೆ, ಇನ್ನೊಂದು ಹಾಕ್ರಿ."

ಅಶ್ವತ್ಥನಾರಾಯಣ ಗಡಬಡಿಸಿ ದೀಪ ಆರಿಸಿದ. ಗೋಡೆಯ ಮೇಲೆ ಬೆಟ್ಟಗಳೆದ್ದವು. ಸರೋವರ, ಬೆಟ್ಟ, ಸರೋವರ, ಹಿಮನದಿ. ಅವನ ಕಂಠಕ್ಕೆ ಮತ್ತೆ ಕಳೆ ಬಂತು. "ಈಗ ನೋಡಿ, ಇದು..." ಎನ್ನುತ್ತಾ ಗುಂಡಿ ಒತ್ತಿದ.

ಗೋಡೆಯ ತುಂಬ, ಆರಡಿ ಅಗಲಕ್ಕೆ, ನಾರ್ತ್ ಡಕೋಟಾ. ಬಾಯಿ ತೆರೆದ ಬಾನೆಟ್ಟು. ಅದರೊಳಕ್ಕೆ ಭಕ್ತಿಯಿಂದ ಬಗ್ಗಿ ಅಭಿಷೇಕ ಮಾಡುತ್ತಿರುವ ಅಶ್ವತ್ಥನಾರಾಯಣ. ಕೈಯಲ್ಲಿ ಫಳಫಳ ಹೊಳೆಯುವ ಕೂಜಾ!

"ಡ್ಯಾಡಿ, ಐ ಟುಕ್ ದಟ್ ಒನ್!" ಎಂದು ನೀತಾ ಕೈ ತಟ್ಟಿದಳು.



"ಅಂದ್ರ," ಎಂದರು ಶರಣಬಸಪ್ಪ ಕತ್ತಲಲ್ಲಿ, "ಈಗ ನಾವು ಕುಡದದ್ದು ಏನ್ರಿ?"

"ಗ್ಯಾಸ್ ಸ್ಟೇಷನ್... ನಲ್ಲಿ ನೀರು."

"ಖನಿಜ ಮಾತ್ರ ಇತ್ತು," ಎಂದರು ಕೇಶವಮೂರ್ತಿ ಕ್ಷೀಣವಾಗಿ.

ಶೈಲಮ್ಮ ಕಿಸಕ್ಕನೆ ನಕ್ಕು, ತ್ರಿಪುರಸುಂದರಮ್ಮನವರ ಕಡೆ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅತ್ತೆ ಎದ್ದು, ಎಲೆ ಹಾಕಲು ಒಳಗೆ ಹೋದರು. ಊಟದಲ್ಲಿ ಅಳಿಯನಿಗೆ ಎರಡನೆಯ ಸಲ ತುಪ್ಪವನ್ನೂ ಬಡಿಸಿದರು. ಬೈದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ. ಬಂದವರು ಹೋದ ಮೇಲೆ ಉಷಾ ಒಂದೇ ಮಾತು ಹೇಳಿದಳು: "ಅದು ನಮ್ಮಪ್ಪಂಗೆ ಅಂತ ತಂದಿದ್ದು ಕಣ್ರೀ."

ಬೆಳಿಗ್ಗೆ ಅವನು ಡ್ರೈವ್‌ವೇಯಲ್ಲಿ ಕಾರಿನ ಮುಂದೆ ಸುಮ್ಮನೆ ನಿಂತಿದ್ದಾಗ ಅತ್ತೆ ಖಾಲಿ ಕೂಜಾ ಹಿಡಿದು ಹೊರಗೆ ಬಂದರು.

"ಅತ್ತೆ, ನಾನು..."

"ಹಾಕಿದ್ದು ತಪ್ಪಲ್ಲ. ಮಗು ಬಿಸಿಲಲ್ಲಿ ಬೇಯ್ತಿತ್ತು. ಕೇಳಿದ್ರೆ ನಾನೇ ಸುರೀತಿದ್ದೆ." ಕಾರಿನತ್ತ ತಿರುಗಿ, "ಅದಿರಲಿ. ಆ ನೀರು ಈಗ ಎಲ್ಲಿದೆ?"

"ಇದರಲ್ಲೇ ಇದೆ. ಆದ್ರೆ ಬೇರೆ ನೀರೂ ಬೆರೆತಿದೆ."

"ಗಂಗೆಗೂ ಬೇಕಾದಷ್ಟು ಬೆರೆಯುತ್ತೆ. ತೆಗೆದುಕೊಡಿ."

ಅಶ್ವತ್ಥನಾರಾಯಣ ಪಂಚೆ ಮೇಲೆ ಕಟ್ಟಿ, ಅಂಗಾತ ಮಲಗಿ ಕಾರಿನಡಿಗೆ ನುಸುಳಿದ. ರೇಡಿಯೇಟರಿನ ತಳದ ತಿರುಪು ಸಡಿಲಿಸಿದ. ಕೂಜಾದೊಳಕ್ಕೆ ತುಕ್ಕು ಬೆರೆತ ನೀರು ಕೆಂಪಗೆ ಇಳಿಯತೊಡಗಿತು. ಪಕ್ಕದ ಮನೆಯ ಅಮೆರಿಕನ್ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ, "ಗಾಟ್ ಎ ಲೀಕ್, ಆಶ್?" ಎಂದು ಕೇಳಿದ.

"ನೋ, ನೋ," ಎಂದ ಅಶ್ವತ್ಥನಾರಾಯಣ ಕಾರಿನಡಿಯಿಂದ. "ಇಟ್ಸ್ ಫಾರ್ ಮೈ ಮದರ್-ಇನ್-ಲಾ."

ಅವನು ಇನ್ನೇನೂ ಕೇಳದೆ ತನ್ನ ಹುಲ್ಲಿಗೆ ಹಿಂದಿರುಗಿದ.

"ಅತ್ತೆ, ದಯವಿಟ್ಟು ಇದನ್ನ ಯಾರಿಗೂ ಕುಡಿಯಕ್ಕೆ ಮಾತ್ರ ಕೊಡಬೇಡಿ," ಎಂದ, ಮೈಯೆಲ್ಲ ಮಸಿಯಾಗಿ ಹೊರಗೆ ಬಂದು.

"ಇದು ಅವರ ಮುಂದೆ ಇಡೋಕೆ." ತ್ರಿಪುರಸುಂದರಮ್ಮ ಕೂಜಾದೊಳಗೆ ಇಣುಕಿದರು. ಅವರ ಮುಖ ಮೆಲ್ಲಗೆ ಅರಳಿತು. "ಹೊಸನೀರು ಬಂದಾಗ ನಮ್ಮ ಕಾವೇರಿ ಹೀಗೇ ಇರ್ತಾಳೆ. ಅವರಿಗೆ ಗುರುತು ಸಿಗುತ್ತೆ ಬಿಡಿ."

ಮುಚ್ಚಳ ಬಿಗಿಮಾಡಿ ಒಳಗೆ ಹೊರಟವರು, ಮೆಟ್ಟಿಲ ಮೇಲೆ ಇಟ್ಟಿದ್ದ ಹಾಲಿನ ಪ್ಲಾಸ್ಟಿಕ್ ಕ್ಯಾನನ್ನು ಅಳಿಯನ ಕೈಗೆ ಕೊಟ್ಟರು. ಅದರ ತುಂಬ ತಿಳಿನೀರು. ಮೇಲೊಂದು ಹೂವಿನ ಎಸಳು ತೇಲುತ್ತಿತ್ತು.

"ಇದು ನಿಮ್ಮ ನಲ್ಲಿ ನೀರು. ಕಾರಿಗೆ ಹಾಕ್ಕೊಳಿ. ಇಪ್ಪತ್ತು ದಿನ ಪೂಜೆಯಾಗಿದೆ, ಇನ್ನು ಕಾರು ನೀವು ನಿಲ್ಲು ಅಂದಾಗ ಮಾತ್ರ ನಿಲ್ಲುತ್ತೆ."