ತಟ್ಟೆ ಓದುವ ಬಾವ

ನಮ್ಮ ಬಾವನ ಎದುರು ಕೂತು ಊಟ ಮಾಡುವುದಕ್ಕಿಂತ ಪೊಲೀಸರ ಎದುರು ಕೂತು ಹೇಳಿಕೆ ಕೊಡುವುದು ಸುಲಭ. ಪೊಲೀಸರಿಗೆ ನಾವು ಬಾಯಿ ಬಿಟ್ಟರೆ ಮಾತ್ರ ವಿಷಯ ಗೊತ್ತಾಗುತ್ತದೆ. ಬಾವನಿಗೆ ನಾವು ಬಾಯಿಗೆ ಹಾಕಿಕೊಂಡದ್ದೇ ಸಾಕು! ಮೊದಲು ಸಾರಿಗೆ ಕೈ ಹಾಕಿದಿರೋ ಪಲ್ಯಕ್ಕೋ, ಉಪ್ಪಿನಕಾಯಿಯನ್ನು ನೆಕ್ಕಿದಿರೋ ಕಚ್ಚಿದಿರೋ, ಪಾಯಸ ಎರಡನೇ ಸಲ ಬಂದಾಗ ಬೇಡ ಎಂದಿರೋ ಅಥವಾ ಬೇಡ ಎನ್ನುತ್ತಾ ಬಟ್ಟಲನ್ನು ಮುಂದೆ ಒಡ್ಡಿದಿರೋ, ಇಷ್ಟರಿಂದಲೇ ಅವರು ನಿಮ್ಮ ಗುಣ, ಸ್ವಭಾವ, ಮುಂದಿನ ಐದು ವರ್ಷಗಳ ನಡವಳಿಕೆ ಎಲ್ಲವನ್ನೂ ಹೇಳಿಬಿಡುತ್ತಾರೆ. ನೀವು ಕೇಳಬೇಕೆಂದೇನೂ ಇಲ್ಲ, ಕೇಳದಿದ್ದರೂ ಹೇಳುತ್ತಾರೆ.

ಬಾವ ಎಂದರೆ ನನ್ನ ಅಕ್ಕನ ಗಂಡ. ದೋಹಾದ ಬಿನ್ ಮಹಮೂದಿನಲ್ಲಿ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಅವರ ಮನೆ, ಮೂರನೆಯದರಲ್ಲಿ ನಮ್ಮದು. ಹದಿನೇಳು ವರ್ಷಗಳ ಹಿಂದೆ ನಾನು ಉಡುಪಿಯಿಂದ ಕೆಲಸ ಹುಡುಕಿಕೊಂಡು ಬಂದಿಳಿದಾಗ ಅವರು ನನ್ನ ಡಿಗ್ರಿ ಯಾವುದೆಂದು ಕೇಳಲಿಲ್ಲ. ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ಯಾವ ತಿಂಡಿ ಇಷ್ಟ ಎಂದು. ಗೋಳಿಬಜೆ, ಅದೇ ಮಂಗಳೂರು ಬಜ್ಜಿ, ಎಂದೆ. ಸಿಗ್ನಲ್ಲು ಕೆಂಪಿನಿಂದ ಹಸಿರಾಗುವುದರೊಳಗೆ ತೀರ್ಪು ಬಂತು.

"ಒಳಗೆ ಮೆತ್ತಗೆ, ಹೊರಗೆ ಒಂದು ಶೇಪು ಅಂತ ಇಲ್ಲ. ಬಿಸಿ ಇರುವಾಗ ಮಾತ್ರ ಉಪಯೋಗ. ತಣ್ಣಗಾದ್ರೆ ಯಾರಿಗೂ ಬೇಡ."

ಬಂದ ಮೊದಲ ದಿನವೇ ಹೀಗಾ ಎಂದು ನನಗೆ ಸಿಟ್ಟು ಬಂದಿತ್ತು. ಆದರೆ ಆಮೇಲೆ ಪ್ರತಿ ವರ್ಷವೂ ನನ್ನ ಮ್ಯಾನೇಜರು ಇದನ್ನೇ ಇಂಗ್ಲಿಷಿನಲ್ಲಿ, ಎರಡು ಪುಟ ಮಾಡಿ ಬರೆದು ಸಹಿ ಹಾಕಿ ಕೊಡುತ್ತಿದ್ದಾರೆ. ಬಾವ ಅಷ್ಟು ಕಾಗದ ಹಾಳು ಮಾಡಲಿಲ್ಲವಲ್ಲ ಎಂದು ಈಗ ಸಮಾಧಾನ.

ಈ ಶಾಸ್ತ್ರದ ಪ್ರಯೋಗಶಾಲೆ ಎಂದರೆ ಅಕ್ಕನ ಮನೆಯ ಶುಕ್ರವಾರದ ಊಟ. ಮುಖ್ಯ ಉಪಕರಣ ಕೋರಿರೊಟ್ಟಿ. ಕಾಗದದಷ್ಟು ತೆಳುವಾದ, ಗರಿಗರಿಯಾದ ಅಕ್ಕಿರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು ಹಾಕಿ ಮೇಲೆ ಕೋಳಿಸಾರು ಹೊಯ್ಯುತ್ತಾರೆ. ನಿಮಗೆ ಅದು ಊಟ, ಬಾವನಿಗೆ ಎಕ್ಸ್‌ರೇ! ಸಾರು ಬಿದ್ದ ಕೂಡಲೇ ಗರಿಗರಿ ಇರುವಾಗಲೇ ತಿಂದು ಮುಗಿಸುವವರು ಅವಸರದವರು, ಬಾಗಿಲಲ್ಲಿ ಚಪ್ಪಲಿ ಅದಲುಬದಲು ಮಾಡಿಕೊಂಡು ಹೋಗುವವರು. ರೊಟ್ಟಿ ಪೂರ್ತಿ ನೆನೆದು ಮುದ್ದೆಯಾಗುವ ತನಕ ಕಾಯುವವರು ನಂಬಿಕೆಗೆ ಯೋಗ್ಯರು, ಆದರೆ ಹೇಳಿದ ಹೊತ್ತಿಗೆ ಬರುವವರಲ್ಲ. ಅರ್ಧ ರೊಟ್ಟಿಯನ್ನು ಒಣಗಾಗಿ ಬದಿಗಿಟ್ಟುಕೊಂಡು ಸ್ವಲ್ಪ ಸ್ವಲ್ಪವೇ ನೆನೆಸುವವರು ಎರಡು ಸಿಮ್ ಇಟ್ಟುಕೊಂಡವರು. ಅದರ ಅರ್ಥವೇನೆಂದು ನಾವ್ಯಾರೂ ಇದುವರೆಗೆ ಕೇಳಿಲ್ಲ. ನಮ್ಮ ಕಟ್ಟಡದಲ್ಲಿ ಬಹಳ ಜನ ಎರಡು ಸಿಮ್ ಇಟ್ಟುಕೊಂಡಿದ್ದಾರೆ.

ನಗಬೇಡಿ, ಇದು ಹಲವು ಸಲ ನಿಜವೂ ಆಗಿದೆ. ಒಮ್ಮೆ ನನ್ನ ಸಹೋದ್ಯೋಗಿಯೊಬ್ಬರು ನಮ್ಮ ಜೊತೆ ಊಟ ಮಾಡಿ, ನಾಳೆಯಿಂದ ನನ್ನ ಕಾರಿನಲ್ಲೇ ಆಫೀಸಿಗೆ ಬನ್ನಿ, ಸುಮ್ಮನೆ ಎರಡು ಗಾಡಿ ಯಾಕೆ ಎಂದರು. ಅವರ ರೊಟ್ಟಿ ಸಾರಿನಲ್ಲಿ ಅರ್ಧ ಗಂಟೆ ಈಜಿದ್ದನ್ನು ಬಾವ ನೋಡಿದ್ದರು. ಒಳ್ಳೆಯ ಮನುಷ್ಯ, ಆದರೆ ಕೊಡೆ ಹಿಡಿದು ನಿಂತುಕೋ ಎಂದರು. ನಾನು ನಕ್ಕೆ. ಜುಲೈ ತಿಂಗಳು. ಮರುದಿನ ಬೆಳಿಗ್ಗೆ ನಲವತ್ತು ನಿಮಿಷ ಬಿಸಿಲಲ್ಲಿ ನಿಂತೆ. ಅದರ ಮರುದಿನ ಕೊಡೆ ತೆಗೆದುಕೊಂಡು ಹೋದೆ.

ಹಾಗೆಂದು ಶಾಸ್ತ್ರ ಎಂದೂ ತಪ್ಪಿಲ್ಲವೇ? ನನ್ನ ಮದುವೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಗೆ ಪಾಯಸ ಇಷ್ಟ ಎಂಬ ಸುದ್ದಿ ತಿಳಿದು ಬಾವ ಸ್ಥಳದಲ್ಲೇ ಒಪ್ಪಿಗೆ ಕೊಟ್ಟಿದ್ದರು. ಪಾಯಸದ ಸ್ವಭಾವ, ಮೃದು, ತಂಪು, ಎತ್ತರದ ದನಿಯಲ್ಲಿ ಮಾತೇ ಇರುವುದಿಲ್ಲ ಎಂದಿದ್ದರು. ನಾನು ಬರೆದದ್ದನ್ನು ಮೊದಲು ಓದುವವಳು ಅವಳೇ ಆದ್ದರಿಂದ ಆ ಫಲಿತಾಂಶವನ್ನು ಇಲ್ಲಿ ಪ್ರಕಟಿಸುತ್ತಿಲ್ಲ.

ಇಷ್ಟೆಲ್ಲ ಹೇಳುವ ಬಾವನಿಗೆ ಸ್ವತಃ ಏನು ಇಷ್ಟ? ಕೇಳಿದರೆ ಉತ್ತರವಿಲ್ಲ. ಪರೀಕ್ಷಕ ಪರೀಕ್ಷೆ ಬರೆಯುವುದುಂಟಾ ಎಂದು ಮಾತು ಹಾರಿಸುತ್ತಾರೆ. ಎಲ್ಲವನ್ನೂ ಒಂದೇ ಮುಖದಲ್ಲಿ ಉಂಡು, ಮಜ್ಜಿಗೆ ಅನ್ನವನ್ನೂ ಮುಗಿಸಿ, ಕೊನೆಗೆ ಅರ್ಧ ಹಲಸಿನ ಹಪ್ಪಳವನ್ನು ಕರುಂ ಎನ್ನಿಸುತ್ತಾರೆ. ಆ ಸದ್ದು ಕೇಳಿದ ಕೂಡಲೇ ಅಕ್ಕ ಚಹಾಕ್ಕೆ ನೀರಿಡಲು ಏಳುತ್ತಾಳೆ. ನಮ್ಮ ಮನೆಯಲ್ಲಿ ಅದು ಊಟ ಮುಗಿದ ಗಂಟೆ, ಅಷ್ಟೇ.

ಇನ್ನೊಂದು ವಿಚಿತ್ರ ಅವರ ಕುರ್ಚಿ. ಮನೆಯ ಯಜಮಾನ ಮೇಜಿನ ತಲೆಯಲ್ಲಿ ಕೂರಬೇಕಲ್ಲವೇ? ಬಾವ ಕೂರುವುದು ಅಡುಗೆಮನೆಯ ಬಾಗಿಲ ಬದಿಗೆ. ಉಂಡ ತಟ್ಟೆಗಳೆಲ್ಲ ಅವರ ಮೂಗಿನ ಮುಂದಿನಿಂದಲೇ ಒಳಗೆ ಹೋಗಬೇಕು. ಇದು ಹಳೆಯ ಅಭ್ಯಾಸ. ಇಪ್ಪತ್ತೊಂದು ವರ್ಷ ಅವರು ಒಂದು ಕಂಪನಿಯ ಕೆಲಸಗಾರರ ಕ್ಯಾಂಪಿನಲ್ಲಿ ಮೆಸ್ ಸೂಪರ್‌ವೈಸರ್ ಆಗಿದ್ದರು. ಬೇರೆ ಸೂಪರ್‌ವೈಸರುಗಳು ಬಡಿಸುವ ಜಾಗದಲ್ಲಿ ನಿಂತರೆ ಇವರು ಎಂಜಲು ಬಕೆಟ್ಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರಂತೆ. ಅನ್ನ ಹಾಳು ಮಾಡುವವರನ್ನು ಹಿಡಿಯುವುದಕ್ಕೆ ಎಂದು ನಾವೆಲ್ಲ ತಿಳಿದು, ಬೇಕಾದಷ್ಟು ನಗೆಯಾಡಿದ್ದೆವು.

ಹೀಗೆ ಸುಖವಾಗಿ ನಡೆಯುತ್ತಿದ್ದ ಶಾಸ್ತ್ರಕ್ಕೆ ನಿಜವಾದ ಪೆಟ್ಟು ಬಿದ್ದದ್ದು ಎರಡು ವರ್ಷಗಳ ಹಿಂದೆ. ಅಕ್ಕನ ಒಬ್ಬಳೇ ಮಗಳು, ಮದೀನತ್ ಖಲೀಫಾದ ಒಂದು ಆಫೀಸಿನಲ್ಲಿ ಕೆಲಸ ಮಾಡುವವಳು, ಅದೇ ಆಫೀಸಿನ ಹುಡುಗನೊಬ್ಬನನ್ನು ಮದುವೆಯಾಗುತ್ತೇನೆ ಎಂದಳು. ವಿಜಯಪುರದ ಕಡೆಯ ಹುಡುಗ. ಓದು, ಕೆಲಸ, ಮನೆತನ ಎಲ್ಲ ಸರಿಯಾಗಿತ್ತು. ಆದರೆ ಶುದ್ಧ ಸಸ್ಯಾಹಾರಿ. ಕೋರಿರೊಟ್ಟಿಯ ಉಪಕರಣ ಮೊದಲ ದಿನವೇ ಕೈಕೊಟ್ಟಿತು!

ಬಾವ ಎದೆಗುಂದಲಿಲ್ಲ. ಶುಕ್ರವಾರ ಅಕ್ಕ ಹದಿಮೂರು ಬಗೆಯ ಸಸ್ಯಾಹಾರ ಮಾಡಿದಳು. ಹುಡುಗ ಬಂದ, ಕೈ ತೊಳೆದ, ಕೂತ. ಬಾವ ತಮ್ಮ ಕುರ್ಚಿಯನ್ನು ಒಂದು ಗೇಣು ಮುಂದೆ ಎಳೆದುಕೊಂಡರು.

"ನಿಮಗೆ ಊಟದಲ್ಲಿ ಎಂತ ಇಷ್ಟ?"

"ಏನಿದ್ರೂ ನಡೀತೈತ್ರಿ."

ಅನ್ನವೋ ರೊಟ್ಟಿಯೋ ಎಂದು ಕೇಳಿದರು. ಎರಡೂ ನಡೀತೈತ್ರಿ. ಸಿಹಿಯೋ ಖಾರವೋ? ಯಾವುದಾದ್ರೂ ನಡೀತೈತ್ರಿ. ಹಾಗಲಕಾಯಿ? ಅದೂ ನಡೆಯಿತು. ಹದಿಮೂರು ಬಗೆಯನ್ನೂ ಒಂದೇ ಸಮನೆ ಉಂಡು, ತಟ್ಟೆಯನ್ನು ಕನ್ನಡಿ ಮಾಡಿ, ಬಹಳ ಚಲೋ ಇತ್ರೀ ಎಂದು ಕೈ ಮುಗಿದು ಹುಡುಗ ಹೋದ. ಇಷ್ಟು ಒಳ್ಳೆಯ ಅಳಿಯ ಯಾರಿಗೆ ಸಿಗುತ್ತಾನೆ ಎಂದು ಅಕ್ಕನ ಕಣ್ಣು ತುಂಬಿತ್ತು. ಬಾವನ ಮುಖ ಮಾತ್ರ ಸೀದ ಪಾತ್ರೆಯಂತಿತ್ತು. ಬಾಯಿಂದ ಬಂದದ್ದು ಒಂದೇ ಮಾತು, "ಮಾಫಿ." ಈ ಊರಿನಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಇಲ್ಲ. ಆಗುವುದಿಲ್ಲ.

ಆಮೇಲೆ ಎರಡು ವಾರ ಆ ಮನೆಯಲ್ಲಿ ಮಾತಿಲ್ಲ, ಕತೆಯಿಲ್ಲ. ಮಗಳು ಆಫೀಸಿನಿಂದ ಬಂದವಳೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಕ್ಕ ಗಂಡನಿಗೆ ಮೂರು ಹೊತ್ತೂ ಉಪ್ಪಿಟ್ಟು ಬಡಿಸಿ, ಏನಿದ್ದರೂ ನಡೆಯುತ್ತದಲ್ಲ ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಕೊನೆಗೆ ನನ್ನ ಹೆಂಡತಿ ಸಂಧಾನಕ್ಕೆ ನನ್ನನ್ನು ಕೆಳಗೆ ಕಳುಹಿಸಿದಳು. ನಾನು ಬಿಸಿ ಬಿಸಿಯಾಗಿಯೇ ಹೋದೆ. ಒಂದು ಹುಡುಗಿಯ ಬದುಕನ್ನು ಉಪ್ಪಿನಕಾಯಿ, ಪಾಯಸ ನೋಡಿ ತೀರ್ಮಾನಿಸುತ್ತೀರಾ, ನಿಮ್ಮ ಹುಚ್ಚಿಗೂ ಒಂದು ಮಿತಿ ಬೇಡವೇ ಎಂದು, ಹದಿನೈದು ವರ್ಷಗಳಲ್ಲಿ ಮೊದಲ ಸಲ ಅವರ ಮುಂದೆ ದನಿ ಎತ್ತಿದೆ.

ಬಾವನಿಗೆ ಸಿಟ್ಟು ಬರಲಿಲ್ಲ. ಕ್ಯಾಂಪಿನ ಸಂಗತಿ ಹೇಳಿದರು. ಅಲ್ಲಿ ಆಂಧ್ರದ ಒಬ್ಬ ಕೆಲಸಗಾರನಿದ್ದ, ಉಪ್ಪಿನಕಾಯಿ ಇಲ್ಲದೆ ತುತ್ತು ಎತ್ತದವನು. ಒಂದು ದಿನ ಅವನ ತಟ್ಟೆ ಮರಳಿ ಬಂದಾಗ ಉಪ್ಪಿನಕಾಯಿ ಹಾಗೆಯೇ ಇತ್ತು. ಬಾವ ಎದ್ದು ಹೋಗಿ, ಏನೂ ಕೇಳದೆ ಅವನ ಪಕ್ಕ ಕೂತರು. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿಯನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದವನು ಆಗ ಅತ್ತನಂತೆ. ಇಂಥವು ಒಂದೆರಡಲ್ಲ. ಎಂಜಲು ಬಕೆಟ್ಟಿನ ಪಕ್ಕದ ಕುರ್ಚಿ ಅನ್ನ ಉಳಿಸುವುದಕ್ಕೆ ಹಾಕಿದ್ದಾಗಿರಲಿಲ್ಲ.

"ಇನ್ನೊಬ್ಬ ಇದ್ದ," ಎಂದರು ಬಾವ. "ಏನು ಕೇಳಿದ್ರೂ ಏನಿದ್ರೂ ಆಗ್ತದೆ ಅನ್ನುವವ. ದಿನಾ ತಟ್ಟೆ ಕ್ಲೀನ್. ಒಂದು ಮಧ್ಯಾಹ್ನ ಸೈಟಲ್ಲಿ ಬಿದ್ದ. ಎರಡು ತಿಂಗಳಿಂದ ಮೈಯಲ್ಲಿ ಹುಷಾರಿರಲಿಲ್ಲ ಅಂತ ಡಾಕ್ಟ್ರು ಹೇಳಿದ್ರು. ಸ್ಟ್ರೆಚರಲ್ಲೇ ಊರಿಗೆ ಕಳಿಸಿದೆವು. ಆ ಎರಡು ತಿಂಗಳು ಅವನ ತಟ್ಟೆ ನೋಡಿದವ ನಾನು ಮಾರಾಯ. ನನಗೆ ಒಂದೂ ಗೊತ್ತಾಗಲಿಲ್ಲ."

ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಮತ್ತೆ ಹೇಳಿದರು. "ಇಷ್ಟ ಎಂತ ಅಂತ ಗೊತ್ತಿದ್ರೆ ಅಲ್ವಾ, ಅದನ್ನು ಬಿಟ್ಟ ದಿನ ಗೊತ್ತಾಗುವುದು? ಹುಡುಗ ಒಳ್ಳೆಯವನೇ. ನಾಳೆ ಅವನಿಗೆ ಮನಸ್ಸಿಗೆ ಸರಿ ಇಲ್ಲದಿದ್ರೆ ನನ್ನ ಮಗಳಿಗೆ ಹೇಗೆ ಗೊತ್ತಾಗಬೇಕು?"

ಕೋಣೆಯ ಬಾಗಿಲು ತೆರೆದು ಮಗಳು ಅಲ್ಲಿಯೇ ನಿಂತಿದ್ದಳು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ.

"ಪಪ್ಪ, ಅವನಿಗೆ ನೆಲಗಡಲೆ ಇಷ್ಟ," ಎಂದಳು. "ಅವನಿಗೇ ಗೊತ್ತಿಲ್ಲ. ಅವಲಕ್ಕಿ ತಂದ ದಿನ ನೆಲಗಡಲೆ ಎಲ್ಲ ಸೈಡಿಗೆ ಇಟ್ಟು ಲಾಸ್ಟ್‌ಗೆ ತಿನ್ನುವುದು. ಹೋದ ತಿಂಗಳು ಒಂದು ದಿನ ಅದನ್ನು ಬಿಟ್ಟು ಬಾಕ್ಸ್ ಮುಚ್ಚಿದ. ಕೂತು ಕೇಳಿದೆ. ಅವನ ಅಪ್ಪನಿಗೆ ಆಪರೇಷನ್ ಇತ್ತು. ಆಫೀಸಲ್ಲಿ ಯಾರಿಗೂ ಹೇಳಿರಲಿಲ್ಲ."

ಬಾವ ಮಗಳನ್ನೇ ನೋಡಿದರು. ಎರಡು ವಾರ ಉಪ್ಪಿಟ್ಟು ತಿಂದ ಮುಖದ ಮೇಲೆ ಆಗ ಬಂದ ಕಳೆಯನ್ನು ನೀವು ನೋಡಬೇಕಿತ್ತು! ರಾಜ್ಯ ಗೆದ್ದವರೂ ಅಷ್ಟು ಬೀಗಿರಲಾರರು. ಅಡುಗೆಮನೆಯಲ್ಲಿದ್ದ ಅಕ್ಕನನ್ನು ಕೂಗಿ ಕರೆದು, ಕೇಳಿದೆಯಾ, ಇವಳು ನನ್ನ ಮಗಳು ಎಂದರು. ಇಪ್ಪತ್ತಾರು ವರ್ಷ ಆಯಿತು, ನನಗೆ ಗೊತ್ತುಂಟು ಎಂದು ಅಕ್ಕ ಒಳಗಿನಿಂದಲೇ ಉತ್ತರ ಕೊಟ್ಟಳು.

ಆದರೂ ಪರೀಕ್ಷಕರು ಪರೀಕ್ಷಕರೇ. ಮುಂದಿನ ಶುಕ್ರವಾರ ಹುಡುಗನನ್ನು ಮತ್ತೆ ಕರೆದು, ಒಂದು ದೊಡ್ಡ ಬಟ್ಟಲು ಒಗ್ಗರಣೆ ಅವಲಕ್ಕಿ ಅವನ ಮುಂದಿಟ್ಟರು. ನಾವು ನಾಲ್ಕು ಜನ ದೊಡ್ಡವರು ಉಸಿರು ಬಿಗಿಹಿಡಿದು ಒಬ್ಬ ಹುಡುಗ ಅವಲಕ್ಕಿ ತಿನ್ನುವುದನ್ನು ನೋಡುತ್ತ ಕೂತೆವು. ಮೊದಲ ತುತ್ತು. ಬೆರಳ ತುದಿಯಲ್ಲಿ ಒಂದು ನೆಲಗಡಲೆ ಬದಿಗೆ ಸರಿಯಿತು. ಎರಡನೇ ತುತ್ತು, ಮತ್ತೆರಡು. ಬಟ್ಟಲಿನ ಅಂಚಿನಲ್ಲಿ ಒಂದು ಪುಟ್ಟ ಗುಡ್ಡೆ ಆಗುವಷ್ಟರಲ್ಲಿ ನನ್ನ ಹೆಂಡತಿ ಚಪ್ಪಾಳೆ ತಟ್ಟಿಯೇ ಬಿಟ್ಟಳು. ಪಾಪ, ಹುಡುಗ ಕೈಯನ್ನು ಅರ್ಧದಲ್ಲೇ ನಿಲ್ಲಿಸಿ ಎಲ್ಲರ ಮುಖ ನೋಡಿದ. ಮಗಳು ನಗುತ್ತ ವಿಷಯ ಹೇಳಿದಳು.

ಅವನು ಬಟ್ಟಲಿನ ಅಂಚನ್ನು ಮೊದಲ ಸಲ ನೋಡಿದಂತೆ ನೋಡಿದ. "ಐದನೇ ಕ್ಲಾಸಿಂದ ಹಾಸ್ಟೆಲ್‌ನ್ಯಾಗ ಬೆಳದಂವ್ರಿ ನಾ," ಎಂದ. "ಅಲ್ಲಿ ಇದು ಇಷ್ಟ ಅಂತ ಹೇಳೂದ್ರಾಗ ಅದು ಖಾಲಿ ಆಗಿರ್ತಿತ್ತು. ಹಿಂಗಾಗಿ ಹೇಳೂದ ಬಿಟ್ಟೆ. ಯಾರೂ ಕೇಳಲೂ ಇಲ್ರಿ."

ಬಾವ ಎದ್ದು, ಅಡುಗೆಮನೆಯಿಂದ ಹುರಿದ ನೆಲಗಡಲೆಯ ಡಬ್ಬವನ್ನೇ ತಂದು ಅವನ ಬಟ್ಟಲಿಗೆ ಸುರಿದರು. "ಮಬ್ರೂಕ್," ಎಂದು ಈ ಊರಿನ ಭಾಷೆಯಲ್ಲೇ ಶುಭಾಶಯ ಹೇಳಿದರು. ಒಂದು ಮದುವೆಯ ನಿಶ್ಚಿತಾರ್ಥ ಇಷ್ಟು ಕಡಲೆಯ ಜೊತೆ ಎಲ್ಲಿಯೂ ಆಗಿರಲಿಕ್ಕಿಲ್ಲ!

ಅಂದಿನಿಂದ ಹುಡುಗ ನಮ್ಮ ಶುಕ್ರವಾರದ ಮೇಜಿನ ಕಾಯಂ ಸದಸ್ಯನಾದ. ಮರುವರ್ಷ ಊರಿನಲ್ಲಿ ಮದುವೆಯಾಯಿತು. ಉತ್ತರ ಕರ್ನಾಟಕದ ಹೋಳಿಗೆ, ನಮ್ಮ ಕಡೆಯ ಹಲ್ವ ಎರಡೂ ಒಂದೇ ಎಲೆಯಲ್ಲಿ ಬಿದ್ದವು. ಬಾವ ಬೀಗರ ಕಡೆಯ ಪ್ರತಿಯೊಂದು ಎಲೆಯನ್ನೂ ಓದಿ ಮುಗಿಸಿಯೇ ಕೈ ತೊಳೆದರು. ಮರಳಿ ಬಂದ ಮೇಲೆ ಮಗಳು, ಅಳಿಯ ಅಲ್ ರಯ್ಯಾನಿನಲ್ಲಿ ಮನೆ ಮಾಡಿದರು.

ಅವಳಿಲ್ಲದ ಮೊದಲ ಶುಕ್ರವಾರ. ಹೊಸ ಮನೆಯಲ್ಲಿ ಸಾಮಾನು ಜೋಡಿಸುವುದಿದೆ, ಇವತ್ತು ಬರುವುದಿಲ್ಲ ಎಂದಿದ್ದರು. ಬಾವ ಎಂದಿನಂತೆ ಬಾಗಿಲ ಬದಿಯ ಕುರ್ಚಿಯಲ್ಲಿ ಕೂತು, ನಾಲ್ಕನೇ ಮಹಡಿಯ ಹೊಸ ಬಾಡಿಗೆದಾರನ ಬಗ್ಗೆ ತೀರ್ಪು ಕೊಟ್ಟರು, ನನ್ನನ್ನು ಎರಡು ಸಲ ಗೋಳಿಬಜೆ ಎಂದರು, ಎಲ್ಲರಿಗಿಂತ ಜೋರಾಗಿ ನಕ್ಕರು. ಊಟ ಮುಗಿಯಿತು. ಅಕ್ಕ ಏಳದೆ ಕೂತೇ ಇದ್ದಳು. ಯಾಕೆಂದು ನನಗೂ ಹೊಳೆಯಲಿಲ್ಲ. ಆಮೇಲೆ ನೋಡಿದೆ. ಬಾವ ಎದ್ದು ಕೈ ತೊಳೆಯಲು ಹೋಗಿದ್ದರು. ತಟ್ಟೆಯ ಅಂಚಿನಲ್ಲಿ ಅರ್ಧ ಹಲಸಿನ ಹಪ್ಪಳ ಹಾಗೆಯೇ ಇತ್ತು.

ಇಷ್ಟು ವರ್ಷ ಆ ಸದ್ದನ್ನು ಕೇಳಿದ್ದೇನೆ. ಅವರಿಗೆ ಇಷ್ಟವಾದದ್ದು ಅದೇ ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲವಲ್ಲ! ನಾಚಿಕೆಯಾಯಿತು. ಹಪ್ಪಳವನ್ನು ಒಂದು ಟಿಶ್ಯೂ ಕಾಗದದಲ್ಲಿ ಸುತ್ತಿಕೊಂಡೆ, ಕಾರಿನ ಕೀಲಿ ತೆಗೆದುಕೊಂಡೆ.

"ಯಲ್ಲಾ ಬಾವ, ಹೊರಡಿ. ಅಕ್ಕ, ನೀನೂ ಬಾ."

ಎಲ್ಲಿಗೆ ಎಂದು ಕೇಳಲು ಬಾವ ಬಾಯಿ ತೆರೆದರು. ನನ್ನ ಕೈಯಲ್ಲಿದ್ದ ಟಿಶ್ಯೂ ಕಂಡು ಮುಚ್ಚಿದರು. ಲಿಫ್ಟಿನಲ್ಲಿ ಗೋಡೆಯ ಕಡೆ ತಿರುಗಿ ನಿಂತಿದ್ದವರು ನೆಲಮಹಡಿ ಬರುವಾಗ ಮೆಲ್ಲಗೆ ಹೇಳಿದರು.

"ಗೋಳಿಬಜೆ ತಣ್ಣಗಾದ ಮೇಲೂ ಆಗ್ತದೆ ಮಾರಾಯ."

ಬಾಗಿಲು ತೆರೆದ ಮಗಳು ಮೊದಲು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು. ಇನ್ನೂ ಬಿಚ್ಚದ ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಅಪ್ಪನನ್ನು ಕೂರಿಸಿ, ಹಪ್ಪಳವನ್ನು ಅವರ ಕೈಗೆ ಕೊಟ್ಟು, ಪಕ್ಕದಲ್ಲಿ ಒತ್ತಿ ಕೂತಳು. ನಾವೆಲ್ಲ ಕಾದೆವು.

ಕರುಂ.

ಒಳಗೆ ಅಡುಗೆಮನೆಯಲ್ಲಿ ಏನನ್ನೋ ಜೋಡಿಸುತ್ತಿದ್ದ ಅಳಿಯನ ದನಿ ಕೇಳಿತು. ನಾವು ಬಂದದ್ದೂ ಅವನಿಗೆ ಇನ್ನೂ ಗೊತ್ತಿರಲಿಲ್ಲ.

"ಮಾವಾರು ಬಂದ್ರೇನ? ಚಹಾಕ್ಕ ನೀರ ಇಡ್ತೀನ್ರಿ."